2,799 ರೂಪಾಯಿ ಗಟ್ ಕಾಂಬೊ: ಅಕ್ಕ ತಮ್ಮ ಇಬ್ರೂ ತಿಂದು ನೋಡಿ ಬರೆದ ರಿವ್ಯೂ

ಗಟ್ ಕಾಂಬೊ ಅಂದ್ರೆ ಕರುಳಿಗೆ ಒಳ್ಳೇದು ಅಂತ ಮಾರೋ ಸಪ್ಲಿಮೆಂಟ್ ಬಾಕ್ಸು. ಸ್ಟಾರ್ 5ಕ್ಕೆ 2. ಆ ಎರಡಾದ್ರೂ ಯಾಕೆ ಕೊಟ್ಟೆ ಅನ್ನೋದು ಆಮೇಲೆ ಹೇಳ್ತೀನಿ.

ನಂಗೆ 2018ರಿಂದ ಅಲ್ಸರೇಟಿವ್ ಕೊಲೈಟಿಸ್ ಇದೆ. ಗೊತ್ತಿಲ್ಲದೋರಿಗೆ, ಇದು ದೊಡ್ಡ ಕರುಳಿನ ಒಳಪದರ ಕೆಂಪಾಗಿ ಹುಣ್ಣಾಗಿ ರಕ್ತ ಲೋಳೆ ಸೇರಿ ಭೇದಿ ಆಗೋ ಕಾಯಿಲೆ, ಜೋರಾದಾಗ ದಿನಕ್ಕೆ ಹತ್ತು ಹನ್ನೆರಡು ಸಲ ಓಡ್ಬೇಕು, ಸುಮ್ನಿದ್ದಾಗ ಇದೆ ಅನ್ನೋದೇ ಮರೆತುಹೋಗುತ್ತೆ. ಇದೂ, ಕ್ರೋನ್ಸ್ ಅನ್ನೋ ಇನ್ನೊಂದು ಕರುಳಿನ ಕಾಯಿಲೆನೂ ಸೇರಿ ಐಬಿಡಿ, ಅಂದ್ರೆ ಕರುಳಿನ ಉರಿಯೂತದ ಕಾಯಿಲೆ ಅಂತಾರೆ. ಐಬಿಎಸ್ ಅಲ್ಲ ಸ್ವಾಮಿ, ಐಬಿಡಿ. ಐಬಿಎಸ್‌ನಲ್ಲಿ ಕರುಳು ಮುನಿಸ್ಕೊಂಡಿರುತ್ತೆ ಅಷ್ಟೆ, ಐಬಿಡಿಲಿ ನಿಜವಾಗ್ಲೂ ಗಾಯ ಆಗಿರುತ್ತೆ. ಇದನ್ನ ಮೊದಲೇ ಯಾಕೆ ಹೇಳ್ತಿದೀನಿ ಅಂದ್ರೆ ಈ ಡಬ್ಬ ಮಾರೋರು ಎರಡನ್ನೂ ಒಂದೇ ಚೀಲಕ್ಕೆ ತುಂಬಿದಾರೆ, ಗ್ಯಾಸು, ಮಲಬದ್ಧತೆ, ಐಬಿಎಸ್, ಕೊಲೈಟಿಸ್, ಮೊಡವೆ, ಕೂದಲು ಉದುರೋದು, ಎಲ್ಲಾದಕ್ಕೂ ಒಂದೇ ಬಾಕ್ಸು.

ಬಾಕ್ಸ್ ತಂದಿದ್ದು ನಾನಲ್ಲ, ನನ್ ತಮ್ಮ. ಅವನಿಗೆ 27. ಅಕ್ಕನಿಗೆ ಬಂದಿರೋದು ನಂಗೂ ಬಂದ್ರೆ ಅನ್ನೋ ಭಯ ಅವನಿಗೆ ಮೊದಲಿಂದ್ಲೂ ಇದೆ, ಬಾಯಿಬಿಟ್ಟು ಹೇಳಲ್ಲ, ಒಂದಿನ ಹೊಟ್ಟೆ ಕೆಟ್ರೆ ಸಾಕು ಫೋನ್ ಮಾಡಿ ಅಕ್ಕ ನಿಂಗೆ ಮೊದಮೊದಲು ಹೇಗಿತ್ತು ಅಂತ ಸುತ್ತಿಬಳಸಿ ಕೇಳ್ತಾನೆ. ಭಯ ಪೂರ್ತಿ ಸುಳ್ಳೂ ಅಲ್ಲ, ಒಡಹುಟ್ಟಿದೋರಿಗೆ ಸಾಮಾನ್ಯ ಜನಕ್ಕಿಂತ ಕೆಲವು ಪಟ್ಟು ರಿಸ್ಕ್ ಜಾಸ್ತಿ ಇರುತ್ತೆ, ಆದ್ರೂ ಹೆಚ್ಚಿನೋರಿಗೆ ಬರೋದೇ ಇಲ್ಲ. ಇನ್‌ಸ್ಟಾದಲ್ಲಿ ರೀಲು ನೋಡಿದಾನೆ, ಯಾರೋ ಜಿಮ್ ಹುಡುಗ ಕರುಳಿನ ಉರಿಯೂತ ಬರೋಕ್ ಮುಂಚೇನೇ ತಡೀರಿ ಅಂತ ಹೇಳಿದಾನೆ, ಇವನು ಎರಡು ಬಾಕ್ಸ್ ಆರ್ಡರ್ ಮಾಡಿದಾನೆ, ನಂಗೊಂದು ತನಗೊಂದು. ಎಂಆರ್‌ಪಿ 3,899, ಆಫರ್‌ನಲ್ಲಿ 2,799, ಒಂದು ತಿಂಗಳಿಗೆ. ಕಂಪನಿ ಹೆಸರು ಹಾಕಲ್ಲ, ಇದೇ ಥರದ್ದು ಮಾರೋರು ಹತ್ತಾರು ಜನ ಇದಾರೆ, ಲೇಬಲ್ ಬಣ್ಣ ಬೇರೆ ಅಷ್ಟೆ.

ಒಳಗೆ ಇದ್ದಿದ್ದು: ಪ್ರೊಬಯಾಟಿಕ್ ಅಂದ್ರೆ ಒಳ್ಳೆ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲ್, ಕರ್ಕ್ಯುಮಿನ್ ಅಂದ್ರೆ ಅರಿಶಿನದ ಸಾರ, ಮೀನೆಣ್ಣೆ, ಚೀಪೋ ವಿಟಮಿನ್ ಡಿ ಮಾತ್ರೆ, ಆಮೇಲೆ ಒಂದು ದೊಡ್ಡ ಡಬ್ಬದಲ್ಲಿ ಹಸಿರು ಪುಡಿ. ಜೊತೆಗೆ ಪುಟ್ಟ ಬುಕ್‌ಲೆಟ್, ಪ್ರತಿ ಪುಟದಲ್ಲೂ ಸಂಶೋಧನೆಯಿಂದ ಸಾಬೀತಾಗಿದೆ ಅಂತ. ಪ್ಯಾಕಿಂಗ್ ಮಾತ್ರ ಸೂಪರ್, ಮದುವೆ ಕಾರ್ಡ್ ಥರ.

ಈಗ ನನ್ ಕಾಯಿಲೆಲಿ ಒಂದು ಅನುಕೂಲ ಇದೆ, ಟಾಯ್ಲೆಟ್‌ನಲ್ಲಿ ಕೂತು ಓದೋಕೆ ಬೇಕಾದಷ್ಟು ಟೈಮ್ ಸಿಗುತ್ತೆ. ಆ ಬುಕ್‌ಲೆಟ್‌ನಲ್ಲಿ ಹೇಳಿದ್ದನ್ನ ಒಂದೊಂದಾಗಿ ಹುಡುಕಿದೆ. ತಮಾಷೆ ಏನಂದ್ರೆ ಅವರು ಹೇಳಿರೋ ಸ್ಟಡಿಗಳು ಬಹಳಷ್ಟು ನಿಜವೇ. ಸ್ಟಡಿಲಿ ಕೊಟ್ಟಿದ್ದೊಂದು, ಡಬ್ಬದಲ್ಲಿ ಇರೋದೊಂದು, ಅದೇ ಎಡವಟ್ಟು.

ಪ್ರೊಬಯಾಟಿಕ್‌ದೇ ತಗೊಳ್ಳಿ. ನಮ್ಮ ದೇಶದಲ್ಲೇ ಮಾಡಿದ ಒಂದು ಒಳ್ಳೆ ಟ್ರಯಲ್ ಇದೆ, 2009ರದ್ದು, ಲುಧಿಯಾನದ ಡಾಕ್ಟರುಗಳು ಮುಂದೆ ನಿಂತು ಮಾಡಿದ್ದು, ಕೊಲೈಟಿಸ್ ಇರೋ 147 ಜನ. ವಿಎಸ್‌ಎಲ್ 3 ಅನ್ನೋ ಎಂಟು ಬ್ಯಾಕ್ಟೀರಿಯಾಗಳ ಮಿಶ್ರಣ ಕೊಟ್ಟು 12 ವಾರ ನೋಡಿದ್ರು, ತಗೊಂಡೋರಲ್ಲಿ 42.9 ಶೇಕಡಾ ಜನಕ್ಕೆ ಕಾಯಿಲೆ ತಣ್ಣಗಾಯ್ತು, ಖಾಲಿ ಪುಡಿ ತಗೊಂಡೋರಲ್ಲಿ 15.7. ಚೆನ್ನಾಗೇ ಇದೆ ಅಲ್ವಾ. ಆದ್ರೆ ಡೋಸ್ ನೋಡಿ, ಒಂದು ಸಲಕ್ಕೆ 3.6 ಟ್ರಿಲಿಯನ್ ಬ್ಯಾಕ್ಟೀರಿಯಾ, ಅಂದ್ರೆ 3,600 ಬಿಲಿಯನ್, ದಿನಕ್ಕೆ ಎರಡು ಸಲ. ನನ್ ಬಾಟಲ್ ಮೇಲೆ ದೊಡ್ಡದಾಗಿ 10 ಬಿಲಿಯನ್ ಅಂತ ಇದೆ, ನೋಡಿದ್ರೆ ಅಬ್ಬಾ ಅನ್ಸುತ್ತೆ. ನನ್ ತಮ್ಮ ಎಂಜಿನಿಯರ್ ಅಲ್ವಾ, ಅವನ ಕೈಲೇ ಲೆಕ್ಕ ಹಾಕ್ಸಿದೆ: ಆ ಸ್ಟಡಿ ಡೋಸ್ ಮುಟ್ಟಬೇಕಂದ್ರೆ ದಿನಕ್ಕೆ 720 ಕ್ಯಾಪ್ಸೂಲ್ ನುಂಗ್ಬೇಕು. 30ರ ಬಾಟಲಿ 24. ಒಂದೇ ದಿನಕ್ಕೆ! ಅದೂ ಬ್ಯಾಕ್ಟೀರಿಯಾ ಅದೇ ಜಾತಿದು ಆಗಿದ್ರೆ, ಇವರದ್ರಲ್ಲಿ ಬೇರೆಯವೇ ಇದಾವೆ. ಅವನು ಒಂದ್ ನಿಮಿಷ ಮಾತಾಡ್ಲಿಲ್ಲ, ಆಮೇಲೆ ಅಕ್ಕ ಇದು ಸಾಂಬಾರಿಗೆ ಒಂದು ಹರಳು ಉಪ್ಪು ಹಾಕ್ದಂಗೆ ಅಂದ.

ಇನ್ನೊಂದು, ಇದೆಲ್ಲ ಕಾಯಿಲೆ ಆಗ್ಲೇ ಇರೋರಿಗೆ. ಕಾಯಿಲೆ ಇಲ್ಲದೋನು ತಗೊಂಡ್ರೆ ಬರದೇ ಇರುತ್ತೆ ಅಂತ ಆ ಟ್ರಯಲ್ ಎಲ್ಲೂ ಹೇಳಿಲ್ಲ, ಅದು ನೋಡಿದ್ದೇ ಅದನ್ನಲ್ಲ.

ಅರಿಶಿನದ ವಿಷಯ ಇನ್ನೂ ರುಚಿಯಾಗಿದೆ. 2006ರಲ್ಲಿ ಜಪಾನ್‌ನಲ್ಲಿ ಕೊಲೈಟಿಸ್ ತಣ್ಣಗಿದ್ದ 89 ಜನಕ್ಕೆ ದಿನಾ 2 ಗ್ರಾಂ ಕರ್ಕ್ಯುಮಿನ್ ಇಲ್ಲಾ ಔಷಧ ಇಲ್ಲದ ಸುಳ್ಳು ಮಾತ್ರೆ ಕೊಟ್ರು, ಆರು ತಿಂಗಳು. ಕರ್ಕ್ಯುಮಿನ್ ಕಡೆ ಲೆಕ್ಕಕ್ಕೆ ಸಿಕ್ಕ 43ರಲ್ಲಿ ಇಬ್ರಿಗೆ ಕಾಯಿಲೆ ತಿರುಗಿ ಎದ್ದಿತು, ಸುಳ್ಳು ಮಾತ್ರೆ ಕಡೆ 39ರಲ್ಲಿ ಎಂಟು ಜನಕ್ಕೆ. ಬುಕ್‌ಲೆಟ್‌ನಲ್ಲಿ ಇಷ್ಟು ಹಾಕಿದಾರೆ. ಹಾಕದೇ ಬಿಟ್ಟಿದ್ದು ಏನಂದ್ರೆ ಎರಡೂ ಗುಂಪಿನೋರು ಅವರವರ ಮೆಸಲಮೈನ್ ಇಲ್ಲಾ ಸಲ್ಫಾಸಲಜೀನ್, ಅಂದ್ರೆ ಕಾಯಿಲೆ ಹತೋಟಿಲಿಡೋಕೆ ಡಾಕ್ಟ್ರು ಕೊಡೋ ಮಾತ್ರೆ, ತಗೊಳ್ತಾನೇ ಇದ್ರು. ಮಾತ್ರೆ ಜೊತೆಗೆ, ಮಾತ್ರೆ ಬದಲಿಗಲ್ಲ. ಈ ಒಂದು ಪದ ಬಿಟ್ಟಿದ್ದಕ್ಕೆ ನಾನು ಎಷ್ಟು ಅನುಭವಿಸಿದೆ ಅಂತ ಮುಂದೆ ಹೇಳ್ತೀನಿ. ಇನ್ನು ದೆಹಲಿ ಏಮ್ಸ್‌ನೋರು 2017ರಲ್ಲಿ ಕಡಿಮೆ ಡೋಸ್, ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದ್ರು, ಸುಳ್ಳು ಮಾತ್ರೆಗಿಂತ ಏನೂ ಹೆಚ್ಚಿಗೆ ಆಗ್ಲಿಲ್ಲ. ನನ್ ಬಾಟಲಲ್ಲಿ ಇರೋದು ದಿನಕ್ಕೆ 500. ಏಮ್ಸ್ ಸ್ಟಡಿ ಹೆಸರು ಬುಕ್‌ಲೆಟ್‌ನಲ್ಲಿ ಇಲ್ಲ, ನೀವೇ ಊಹಿಸ್ಕೊಳ್ಳಿ.

ಅದಕ್ಕೆ ಡಬ್ಬ ಮಾರೋರ ಉತ್ತರ ಏನಂದ್ರೆ ನಮ್ದರಲ್ಲಿ ಪೈಪರಿನ್ ಇದೆ ಮೇಡಂ, ಕಾಳುಮೆಣಸಿನ ಸಾರ, 20 ಪಟ್ಟು ಜಾಸ್ತಿ ಹೀರ್ಕೊಳ್ಳುತ್ತೆ. ಈ 20 ಪಟ್ಟಿನ ಮಾತು ಹುಟ್ಟಿದ್ದು ಎಲ್ಲಿ ಗೊತ್ತಾ, ನಮ್ಮ ಬೆಂಗಳೂರಲ್ಲೇ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲಿ, 1998ರಲ್ಲಿ. 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ಆರೋಗ್ಯವಾಗಿದ್ದೋರ ರಕ್ತದಲ್ಲಿ ಎಷ್ಟು ಏರುತ್ತೆ ನೋಡಿದ್ರು. ಜಗತ್ತಲ್ಲಿ ಎಲ್ಲಿ ಅರಿಶಿನದ ಕ್ಯಾಪ್ಸೂಲ್ ಮಾರಿದ್ರೂ ಈ ನಂಬರ್ ಹಾಕ್ತಾರೆ, ಕೋರಮಂಗಲದಿಂದ ಹೊರಟಿದ್ದು ಅಂತ ಗೊತ್ತಾದಾಗ ಒಂಥರಾ ಹೆಮ್ಮೆ ಆಯ್ತು ನಿಜ ಹೇಳ್ಬೇಕಂದ್ರೆ. ಆದ್ರೆ ರಕ್ತಕ್ಕೆ ಏರಿದ ಮಾತ್ರಕ್ಕೆ ಕರುಳಿನ ಹುಣ್ಣು ಮಾಯುತ್ತೆ ಅಂತಲ್ಲ, ಆ ಸ್ಟಡಿ ಮಾಡಿದೋರು ಹಂಗೆ ಹೇಳೂ ಇಲ್ಲ. ಹೀರ್ಕೊಳ್ಳೋದು ಜಾಸ್ತಿ ಮಾಡೋದು ಯಾವಾಗ್ಲೂ ಒಳ್ಳೇದೂ ಅಲ್ಲ, ಈ ಥರ ಗಟ್ಟಿ ಅರಿಶಿನದ ಕ್ಯಾಪ್ಸೂಲ್ ತಿಂದು ಲಿವರ್ ಊದಿಕೊಂಡ ಕೇಸುಗಳು ಇಟಲಿ ಅಮೆರಿಕದಲ್ಲಿ ವರದಿ ಆಗಿದಾವೆ. ಅಡುಗೆ ಅರಿಶಿನದ ಮಾತಲ್ಲ ಇದು, ಅದರಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರೋ ನಾಲ್ಕೋ ಭಾಗ, ಸಾರಿಗೆ ಧಾರಾಳವಾಗಿ ಹಾಕ್ಕೊಳ್ಳಿ. ಡಾಕ್ಟ್ರು ನನ್ ಲಿವರ್ ಟೆಸ್ಟೂ ಮಾಡಿಸಿದ್ರು, ಸದ್ಯ ನಾರ್ಮಲ್ ಬಂತು.

ಮೀನೆಣ್ಣೆ ಬಗ್ಗೆ ಬರೀಬೇಕಂದ್ರೆ ಮೊದಲು ನಮ್ಮನೆ ವಿಷಯ ಹೇಳ್ಬೇಕು. ನಾವು ಪಕ್ಕಾ ಸಸ್ಯಾಹಾರಿಗಳು, ಮೊಟ್ಟೆ ಕೂಡ ಗೇಟ್ ಒಳಗೆ ಬರಲ್ಲ. ಬಾಟಲ್ ಮೇಲೆ ಕಂದು ತ್ರಿಕೋನ ಇದೆ, ನನ್ ತಮ್ಮ ಅದರ ಮೇಲೆ ಬೆಲೆ ಸ್ಟಿಕ್ಕರ್ ಅಂಟಿಸಿ ಫ್ರಿಜ್‌ನಲ್ಲಿ ಕೊತ್ತಂಬರಿ ಕಟ್ಟಿನ ಹಿಂದೆ ಇಟ್ಟಿದಾನೆ. ಐದನೇ ದಿನ ಊಟಕ್ಕೆ ಕೂತಾಗ ಒಂದು ತೇಗು ಬಂತು ನೋಡಿ ಅವನಿಗೆ. ಅಮ್ಮ ಚಮಚ ಕೆಳಗಿಟ್ರು. ಏನೋ ವಾಸನೆ ಇದು ಅಂದ್ರು. ಆಮೇಲೆ ನಡೆದಿದ್ದೆಲ್ಲ ಇಲ್ಲಿ ಬರೆಯೋಕಾಗಲ್ಲ, ಫ್ರಿಜ್ ಪೂರ್ತಿ ತೊಳೆದ್ರು ಅಷ್ಟು ಹೇಳ್ತೀನಿ. ಅಡ್ಡವಾಸನೆಗೇ ಒಂದು ಸ್ಟಾರ್ ಕಟ್.

ಕೆಲಸ ಮಾಡುತ್ತಾ ಅಂದ್ರೆ, ಕ್ರೋನ್ಸ್ ಇರೋರ ಮೇಲೆ ಎಪಿಕ್ ಅಂತ ಎರಡು ದೊಡ್ಡ ಟ್ರಯಲ್ ಮಾಡಿ 2008ರಲ್ಲಿ ಫಲಿತಾಂಶ ಹಾಕಿದ್ರು, ಎರಡೂ ಸೇರಿ 700ಕ್ಕೂ ಮೇಲೆ ಜನ, ದಿನಕ್ಕೆ 4 ಗ್ರಾಂ ಒಮೆಗಾ 3, ಅಂದ್ರೆ ಮೀನೆಣ್ಣೆಲಿರೋ ಒಂಥರಾ ಕೊಬ್ಬು. ಎರಡನೇದರಲ್ಲಿ ವರ್ಷದೊಳಗೆ ಕಾಯಿಲೆ ಮತ್ತೆ ಎದ್ದಿದ್ದು ಮೀನೆಣ್ಣೆ ಗುಂಪಲ್ಲಿ 47.8 ಶೇಕಡಾ, ಸುಳ್ಳು ಮಾತ್ರೆಲಿ 48.8. ಅಷ್ಟೇ ವ್ಯತ್ಯಾಸ. ಊಟದಲ್ಲೇ ಒಮೆಗಾ 3 ಜಾಸ್ತಿ ಇರೋರಿಗೆ ಕೊಲೈಟಿಸ್ ಸ್ವಲ್ಪ ಕಮ್ಮಿ ಬರುತ್ತೇನೋ ಅನ್ನೋ ಸುಳಿವು ಅಮೆರಿಕದ ನರ್ಸ್‌ಗಳನ್ನ ವರ್ಷಗಟ್ಟಲೆ ನೋಡಿದ ಸ್ಟಡಿಲಿ ಸಿಕ್ಕಿದೆ, ಆದ್ರೆ ಮೀನು ತಿನ್ನೋರು ಬೇರೆ ವಿಷಯದಲ್ಲೂ ಬೇರೆ ಥರ ಇರ್ತಾರಲ್ಲ, ಹಂಗಾಗಿ ಅದು ಸುಳಿವೇ ಹೊರತು ಸಾಕ್ಷಿ ಅಲ್ಲ. ನನ್ ಆಫೀಸ್ ಫ್ರೆಂಡ್ ಮಂಗಳೂರೋಳು, ಬಾಟಲ್ ತಿರುಗಿಸಿ ನೋಡಿದ್ಲು, 1000 ಮಿಲಿಗ್ರಾಂ ಅಂತ ಮುಂದೆ ಬರೆದಿದೆ, ಹಿಂದೆ ನೋಡಿದ್ರೆ ಒಮೆಗಾ 3 ಅಂದ್ರೆ ಇಪಿಎ 180 ಡಿಎಚ್‌ಎ 120, ಒಟ್ಟು ಮುನ್ನೂರು, ಉಳಿದಿದ್ದು ಬರೀ ಎಣ್ಣೆ. ಇದಕ್ಕಿಂತ ನಮ್ಮಮ್ಮನ ಮನೆಗೆ ಬಾ ಎರಡು ಬಂಗುಡೆ ಹಾಕಿಸ್ತೀನಿ ಅಂದ್ಲು. ನಾನು ಬೇಡ ತಾಯಿ ನಮ್ ಫ್ರಿಜ್ ಈಗಷ್ಟೇ ಒಣಗಿದೆ ಅಂದೆ.

ವಿಟಮಿನ್ ಡಿ ಒಂದೇ ಇದರಲ್ಲಿ ಸ್ವಲ್ಪ ಮರ್ಯಾದೆ ಉಳಿಸ್ಕೊಂಡಿದ್ದು. ವೈಟಲ್ ಅಂತ ಅಮೆರಿಕದಲ್ಲಿ ದೊಡ್ಡ ಟ್ರಯಲ್ ಆಯ್ತು, 25,871 ಜನ, ದಿನಕ್ಕೆ 2000 ಐಯು (ವಿಟಮಿನ್ ಅಳೆಯೋ ಯೂನಿಟ್) ಡಿ ಮಾತ್ರೆ, ಸುಮಾರು 5.3 ವರ್ಷ. ದೇಹ ತನ್ನ ಮೇಲೆ ತಾನೇ ತಿರುಗಿಬೀಳೋ ಆಟೋಇಮ್ಯೂನ್ ಕಾಯಿಲೆಗಳು ಡಿ ತಗೊಂಡೋರಲ್ಲಿ 22 ಶೇಕಡಾ ಕಮ್ಮಿ ಬಂದ್ವು ಅಂತ 2022ರಲ್ಲಿ ಹೇಳಿದ್ರು. ನನ್ ತಮ್ಮ ಇದನ್ನೇ ಹಿಡ್ಕೊಂಡು ಕುಣಿದ. ನೋಡಕ್ಕ ನೋಡಕ್ಕ ಅಂತ. ಕೂತ್ಕೊಂಡು ಪೂರ್ತಿ ಓದೋ ಅಂದೆ. ಅಲ್ಲಿ ಇದ್ದೋರೆಲ್ಲ 50 ದಾಟಿದ ಗಂಡಸರು, 55 ದಾಟಿದ ಹೆಂಗಸರು, ನಮ್ ಕಾಯಿಲೆ ಹೆಚ್ಚಾಗಿ ಶುರುವಾಗೋದು ಹದಿನೈದರಿಂದ ಮೂವತ್ತೈದರೊಳಗೆ. ಲೆಕ್ಕಕ್ಕೆ ಹೆಸರು ಹಿಡಿದು ತಗೊಂಡಿದ್ದು ಸಂಧಿವಾತ, ಸೋರಿಯಾಸಿಸ್, ಥೈರಾಯ್ಡ್ ಅಂಥವು, ಕರುಳಿನದ್ದು ಇತರೆ ಅನ್ನೋ ಗುಂಪಲ್ಲಿ ಒಂದು. ಬಸ್‌ನಲ್ಲಿ ಸೀಟ್ ಸಿಗದೇ ಫುಟ್‌ಬೋರ್ಡ್ ಮೇಲೆ ನಿಂತಂಗೆ. ಒಳ್ಳೆ ಸುದ್ದಿ ಹೌದು, ಅವನ ಕರುಳಿಗೆ ಗ್ಯಾರಂಟಿ ಕಾರ್ಡ್ ಅಲ್ಲ.

ಮತ್ತೆ ಇವನು ಮಾಡಿದ್ದು ಇನ್ನೊಂದು ಯಡವಟ್ಟು, ಆಫೀಸ್ ಹೆಲ್ತ್ ಚೆಕಪ್‌ನಲ್ಲಿ ಡಿ ಕಮ್ಮಿ ಬಂದಿತ್ತು ಅಂತ ಆಗ್ಲೇ ವಾರಕ್ಕೊಂದು 60 ಸಾವಿರ ಐಯು ಮಾತ್ರೆ ತಗೊಳ್ತಿದ್ದ, ಎಂಟು ವಾರಕ್ಕೆ ನಿಲ್ಲಿಸಿ ಅಂದಿದ್ರೂ ನಿಲ್ಲಿಸಿರಲಿಲ್ಲ, ಅದರ ಮೇಲೆ ಇದೂ, ಜಿಮ್ ಮಲ್ಟಿವಿಟಮಿನ್ ಬೇರೆ. ಡಿ ಜಾಸ್ತಿಯಾದ್ರೆ ಮೂತ್ರದಲ್ಲಿ ಹೋಗಿಬಿಡಲ್ಲ, ಮೈಯಲ್ಲೇ ಕೂತು ಕ್ಯಾಲ್ಸಿಯಂ ಏರಿಸುತ್ತೆ, ಕಿಡ್ನಿಗೆ ಕುತ್ತು. ನಮ್ ಡಾಕ್ಟ್ರು ಅವನಿಗೆ ಬೈದಿದ್ದು ನಂಗೂ ಇಷ್ಟು ವರ್ಷದಲ್ಲಿ ಬೈದಿಲ್ಲ.

ಹಸಿರು ಪುಡಿ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಗೋಧಿ ಹುಲ್ಲು, ನುಗ್ಗೆಸೊಪ್ಪು, ಇನ್ಯುಲಿನ್, ಮಾಲ್ಟೋಡೆಕ್ಸ್‌ಟ್ರಿನ್, ಸುಕ್ರಲೋಸ್. ಪುದೀನ ಹಾಕಿದ ಗೋಡೆ ಸುಣ್ಣದ ಥರ ರುಚಿ. ಇನ್ಯುಲಿನ್ ಅನ್ನೋ ನಾರು ಕರುಳಲ್ಲಿ ಹುಳಿಯೋ ಮಾಲು, ಎರಡನೇ ದಿನಕ್ಕೇ ನನ್ ಹೊಟ್ಟೆ ತಮಟೆ ಆಯ್ತು, ಮೀಟಿಂಗ್‌ನಲ್ಲಿ ಮ್ಯೂಟ್ ಹಾಕ್ಕೊಂಡೇ ಕೂತಿದ್ದೆ. ಗೋಧಿ ಹುಲ್ಲಿನ ರಸಕ್ಕೆ ಕೊಲೈಟಿಸ್‌ನಲ್ಲಿ ಒಂದು ಪುಟ್ಟ ಸ್ಟಡಿ ಇರೋದು ನಿಜ, ಇಸ್ರೇಲ್‌ದು, 2002, ಬರೀ 23 ಜನ, ದಿನಕ್ಕೆ 100 ಎಂಎಲ್ ತಾಜಾ ರಸ. ನನ್ ಡಬ್ಬದಲ್ಲಿ ಒಂದು ಸ್ಕೂಪ್‌ಗೆ ಅರ್ಧ ಗ್ರಾಂ ಒಣಪುಡಿ.

ಈಗ ಅಸಲಿ ದೂರು. ಬಾಕ್ಸ್ ಜೊತೆ ವಾಟ್ಸಾಪ್‌ನಲ್ಲಿ ಹೆಲ್ತ್ ಕೋಚ್ ಫ್ರೀ ಅಂತೆ. ಒಬ್ಬ ಹುಡುಗಿ, ತುಂಬಾ ನಯವಾಗಿ ಮಾತಾಡ್ತಿದ್ಲು, ಗುಡ್ ಮಾರ್ನಿಂಗ್ ಹೂವಿನ ಫೋಟೋ ಎಲ್ಲ ಕಳಿಸ್ತಿದ್ಲು. ಮೂರನೇ ವಾರಕ್ಕೆ ನಂಗೆ ಮೆಸಲಮೈನ್ ಬಗ್ಗೆ ಕೇಳಿದ್ಲು, ಆಮೇಲೆ ಮೇಡಂ ಇದು ಚೆನ್ನಾಗಿ ಸೆಟ್ ಆಗ್ತಿದೆ ಅಲ್ವಾ, ಇಂಗ್ಲಿಷ್ ಮಾತ್ರೆ ನಿಧಾನಕ್ಕೆ ಕಮ್ಮಿ ಮಾಡ್ಕೋಬಹುದು ಅಂದ್ಲು. ನಾನು ಓದಿದೋಳು, ಆರು ವರ್ಷದ ಪೇಷಂಟು, ಅವಳ ಮಾತು ಕೇಳ್ಬಾರ್ದಿತ್ತು, ಕೇಳಿದೆ. ಯಾಕಂದ್ರೆ ಯಾರಾದ್ರೂ ಅದನ್ನ ಹೇಳ್ಲಿ ಅಂತ ನಾನೇ ಕಾಯ್ತಿದ್ದೆ ಅನ್ಸುತ್ತೆ. ದಿನಾ 1.2 ಗ್ರಾಂನದು ಎರಡು ತಗೊಳ್ತಿದ್ದೋಳು ಒಂದಕ್ಕೆ ಇಳಿಸಿದೆ, ಯಾರಿಗೂ ಹೇಳ್ಲಿಲ್ಲ. ಐದು ವಾರ ಏನೂ ಆಗ್ಲಿಲ್ಲ. ಆರನೇ ವಾರ ಕಮೋಡ್‌ನಲ್ಲಿ ಕೆಂಪು ಕಂಡಿತು.

ಮಲದ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಅಂತ ಇದೆ, ಕರುಳಲ್ಲಿ ಉರಿ ಎಷ್ಟಿದೆ ಅಂತ ಹೇಳೋದು, 50ರೊಳಗೆ ಇದ್ರೆ ಆರಾಮು, 250 ದಾಟಿದ್ರೆ ಕಾಯಿಲೆ ಎದ್ದಿದೆ ಅಂತ ಲೆಕ್ಕ. ನಂದು ಬಾಕ್ಸ್ ಶುರುಮಾಡೋಕ್ ಮುಂಚೆ 64 ಇತ್ತು. ಈಗ 812. ಡಾಕ್ಟ್ರು ರಿಪೋರ್ಟ್ ನೋಡಿ ಮಾತ್ರೆ ಎಷ್ಟು ತಗೊಳ್ತಿದೀಯಮ್ಮ ಅಂತ ಒಂದೇ ಪ್ರಶ್ನೆ ಕೇಳಿದ್ರು. ಸುಳ್ಳು ಹೇಳೋಕೆ ಬಾಯಿ ಬರ್ಲಿಲ್ಲ. 2003ರಲ್ಲೇ ಒಂದು ಸ್ಟಡಿ ಬಂದಿದೆ, ಮೆಸಲಮೈನ್ ಸರಿಯಾಗಿ ತಗೊಳ್ಳದೋರಿಗೆ ಕಾಯಿಲೆ ಮರಳೋ ಚಾನ್ಸ್ ಐದು ಪಟ್ಟು ಅಂತ, ಅವರು ಅದನ್ನ ಹೇಳಿದ್ದೂ ಬೈದಂಗಿರಲಿಲ್ಲ, ಅದೇ ಜಾಸ್ತಿ ಚುಚ್ಚಿತು. ಫುಲ್ ಡೋಸ್ ಮತ್ತೆ, ಜೊತೆಗೆ ರಾತ್ರಿ ಎನಿಮಾ, ಏಳು ವಾರ ಹಿಡೀತು ಹತೋಟಿಗೆ ಬರೋಕೆ, ಸ್ಟಿರಾಯ್ಡ್ ತನಕ ಹೋಗ್ಲಿಲ್ಲ ಅನ್ನೋದೇ ಪುಣ್ಯ. ಅಂದ್ರೆ ಡಬ್ಬ ನನ್ ಕರುಳು ಕೆಡಿಸಿತು ಅಂತ ನಾನು ಹೇಳ್ತಿಲ್ಲ. ಡಬ್ಬ ಕೊಟ್ಟ ಧೈರ್ಯ ಕೆಡಿಸಿತು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಓಪನ್ ಆದ ಐಟಂಗೆ ರಿಟರ್ನ್ ಇಲ್ಲ ಮೇಡಂ. ಕೋಚ್ ಹೀಗೆ ಹೇಳಿದ್ರು ಅಂದ್ರೆ ಅದು ಸಲಹೆ ಮಾತ್ರ ಮೇಡಂ, ಪ್ಯಾಕ್ ಹಿಂದೆ ನೋಡಿ ಮೇಡಂ. ನೋಡಿದೆ. ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಇದು ಔಷಧವಾಗಿ ಬಳಸೋಕಲ್ಲ, ಯಾವುದೇ ರೋಗ ಪತ್ತೆ ಮಾಡೋಕೆ, ಗುಣ ಮಾಡೋಕೆ, ತಡೆಯೋಕೆ ಉದ್ದೇಶಿಸಿದ್ದಲ್ಲ ಅಂತ ಇದೆ. ಎಫ್‌ಎಸ್‌ಎಸ್‌ಎಐ ಅನ್ನೋ ಆಹಾರ ಸುರಕ್ಷತಾ ಸಂಸ್ಥೆಯ ನಿಯಮದ ಪ್ರಕಾರ ಹಾಕ್ಲೇಬೇಕು, ಹಾಕಿದಾರೆ. ಮುಂದೆ ನೋಡಿದ್ರೆ ಕರುಳಿನ ಉರಿ ವಿರುದ್ಧ ಹೋರಾಡುತ್ತೆ, ಹಿಂದೆ ನೋಡಿದ್ರೆ ನಾವೇನೂ ಹೇಳೇ ಇಲ್ಲ. 1915 ಗ್ರಾಹಕ ಸಹಾಯವಾಣಿಗೆ ಕಂಪ್ಲೇಂಟ್ ಕೊಟ್ಟೆ, ವಾಟ್ಸಾಪ್ ಸ್ಕ್ರೀನ್‌ಶಾಟ್ ಸಮೇತ. ಹದಿನೆಂಟನೇ ದಿನ ಒಂದು ಬಾಕ್ಸಿನ ದುಡ್ಡು ವಾಪಸ್ ಬಂತು, ಸಾರಿ ಅಂತ ಒಂದು ಕೂಪನ್ ಬೇರೆ, ಮುಂದಿನ ಆರ್ಡರ್‌ಗೆ 15 ಪರ್ಸೆಂಟ್ ಆಫ್ ಅಂತೆ. ನಗಬೇಕೋ ಅಳಬೇಕೋ.

ಹಂಗಂತ ನಾನು ಸಪ್ಲಿಮೆಂಟ್ ವಿರೋಧಿ ಅಲ್ಲ. ನಂಗೆ ಡಿ ಲೆವೆಲ್ ಕಮ್ಮಿ, 11 ಬಂದಿತ್ತು, ಡಾಕ್ಟ್ರು ಬರೆದ ಎಂಟು ವಾರದ ಕೋರ್ಸ್ ತಗೊಂಡೆ, ಮೆಡಿಕಲ್ ಶಾಪ್‌ನಲ್ಲಿ ಒಟ್ಟು ಮುನ್ನೂರು ರೂಪಾಯಿನೂ ಆಗ್ಲಿಲ್ಲ. ಮೊದಲು ಸಲ್ಫಾಸಲಜೀನ್‌ನಲ್ಲಿ ಇದ್ದಾಗ ಅದು ಫೋಲೇಟ್ ಅನ್ನೋ ವಿಟಮಿನ್ ಹೀರೋಕೆ ಬಿಡಲ್ಲ ಅಂತ ಫೋಲಿಕ್ ಆಸಿಡ್ ಕೊಡ್ತಿದ್ರು, ಅದು ಇನ್ನೂ ಚೀಪು. ರಕ್ತ ಹೋಗಿ ಹಿಮೋಗ್ಲೋಬಿನ್ ಇಳಿದಾಗ ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗ್ದೇ ಡ್ರಿಪ್‌ನಲ್ಲೇ ಹಾಕಿದ್ರು. ಇದೆಲ್ಲ ಏನು ಕಮ್ಮಿ ಇದೆ ಅಂತ ರಕ್ತ ನೋಡಿ ಕೊಟ್ಟಿದ್ದು. ಇನ್ನು ನಮ್ಮಜ್ಜಿ ಕಾಲದ ಇಸಬ್‌ಗೋಲ್, ಅದಕ್ಕೂ ಸ್ಪೇನ್‌ನಲ್ಲಿ 1999ರಲ್ಲಿ ಟ್ರಯಲ್ ಆಗಿದೆ ಅಂದ್ರೆ ನಂಬ್ತೀರಾ, ಅದೇ ಗಿಡದ ಬೀಜ ದಿನಕ್ಕೆ ಎರಡು ಸಲ 10 ಗ್ರಾಂ, ತಣ್ಣಗಿದ್ದ 105 ಕೊಲೈಟಿಸ್ ಪೇಷಂಟುಗಳು, ಒಂದು ವರ್ಷದಲ್ಲಿ ಕಾಯಿಲೆ ಮರಳಿದ್ದು ಬೀಜ ತಿಂದೋರಿಗೆ 40 ಶೇಕಡಾ, ಮೆಸಲಮೈನ್‌ನೋರಿಗೆ 35, ಎರಡೂ ತಗೊಂಡೋರಿಗೆ 30. ಸಣ್ಣ ಟ್ರಯಲ್, ಅದನ್ನ ನೆಚ್ಕೊಂಡು ಮಾತ್ರೆ ಬಿಡೋಕಾಗಲ್ಲ, ಆ ಪಾಠ ನಂಗೆ ಆಗಿದೆ. ಕಾಯಿಲೆ ತಣ್ಣಗಿದ್ದಾಗ ಡಾಕ್ಟ್ರನ್ನ ಕೇಳಿ ರಾತ್ರಿ ಒಂದು ಚಮಚ ತಗೊಳ್ತೀನಿ ಅಷ್ಟೆ. ಗುಜರಾತಿನ ಉಂಝಾ ಕಡೆಯಿಂದ ಬರೋ ಮಾಲು, ಇದಕ್ಕೆ ಯಾರೂ ರೀಲು ಮಾಡಲ್ಲ ಪಾಪ.

ತಮ್ಮನಿಗೆ ಡಾಕ್ಟ್ರು ಹೇಳಿದ್ದು ಬಹಳ ಚಿಕ್ಕದು. ಡಬ್ಬ ಬೇಡ, ತಲೆನೋವು ಮೈಕೈನೋವು ಅಂತ ಪದೇ ಪದೇ ಪೇನ್ ಕಿಲ್ಲರ್ ನುಂಗ್ಬೇಡ, ಆಂಟಿಬಯಾಟಿಕ್ ನೀನೇ ಹೋಗಿ ತರ್ಬೇಡ, ಹಣ್ಣು ತಿನ್ನು, ರಕ್ತ ಕಂಡ್ರೆ ನಾಚಿಕೊಳ್ಳದೆ ಬಾ. ಹಣ್ಣಿಗೆ ಅವನು ಮುಖ ಹುಳ್ಳಗೆ ಮಾಡಿದ, ಆಗ ನಾನು ಅದೇ ನರ್ಸ್‌ಗಳ ಸ್ಟಡಿ ತೋರಿಸಿದೆ, 1,70,776 ಹೆಂಗಸರನ್ನ 26 ವರ್ಷ ನೋಡಿ 2013ರಲ್ಲಿ ಬರೆದಿದ್ದು, ದಿನಕ್ಕೆ ಸುಮಾರು 24 ಗ್ರಾಂ ನಾರು ತಿನ್ನೋರಿಗೆ ಕ್ರೋನ್ಸ್ 40 ಶೇಕಡಾ ಕಮ್ಮಿ, ಅದರಲ್ಲೂ ಹಣ್ಣಿನ ನಾರು. ನನ್ ಕಾಯಿಲೆಗೆ ಅಂದ್ರೆ ಕೊಲೈಟಿಸ್‌ಗೆ ಆ ಥರ ಸಿಗಲಿಲ್ಲ, ಅದನ್ನೂ ಹೇಳಿದೆ, ಮುಚ್ಚಿಟ್ರೆ ನಾನೂ ಆ ಬುಕ್‌ಲೆಟ್ ಥರಾನೇ ಆಗ್ತೀನಲ್ಲ. ಈಗ ಆಫೀಸಿಗೆ ಹೋಗೋವಾಗ ಎರಡು ಸೀಬೆಹಣ್ಣು ತಗೊಂಡ್ ಹೋಗ್ತಾನೆ. ಪ್ರೋಟೀನ್ ಪುಡಿ ಮಾತ್ರ ಬಿಟ್ಟಿಲ್ಲ, 2024ರಲ್ಲಿ ನಮ್ಮಲ್ಲಿ ಸಿಗೋ 36 ಪುಡಿ ಟೆಸ್ಟ್ ಮಾಡಿದಾಗ ಸುಮಾರು 70 ಶೇಕಡಾದಲ್ಲಿ ಲೇಬಲ್ ಮೇಲಿನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ ಅಂತ ಕಳಿಸಿದೆ, ನೋಡಿ ಬ್ಲೂ ಟಿಕ್ ಬಂತು, ರಿಪ್ಲೈ ಬರ್ಲಿಲ್ಲ.

ಎರಡು ಸ್ಟಾರ್ ಲೆಕ್ಕ ಬಾಕಿ ಇದೆ. ಒಂದು ಡೆಲಿವರಿಗೆ, ಹೇಳಿದ ದಿನಾನೇ ಬಂತು, ಹುಡುಗ ಮೂರನೇ ಮಹಡಿಗೆ ಹತ್ತಿ ಕೊಟ್ಟ. ಇನ್ನೊಂದು ಆ ಹಸಿರು ಪುಡಿ ಡಬ್ಬಕ್ಕೆ. ಅಮ್ಮ ಪುಡಿಯನ್ನ ದಾಸವಾಳದ ಬುಡಕ್ಕೆ ಸುರಿದು ಡಬ್ಬ ಮೂರು ಸಲ ತೊಳೆದು ಹುರಿಗಡಲೆ ಹಾಕಿಟ್ಟಿದಾರೆ, ಮುಚ್ಚಳ ಭದ್ರವಾಗಿದೆ, ಮಳೆಗಾಲ ಕಳೆದ್ರೂ ಒಂದು ಕಾಳೂ ಮೆತ್ತಗಾಗಿಲ್ಲ.